ಚಿತ್ರ ಕುಂಟುವುದೇಕೆ?

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಣಕಯಂತ್ರದ ವಿಷಯ ಮಾತನಾಡಹೊರಟಿರುವುದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕೆಟ್ಟುಹೋಗಿದೆಯೆಂದು ತೋರುವ ಪಾಠವೊಂದನ್ನು ಎದುರಿಗಿಟ್ಟುಕೊಂಡು, ದೋಷ ಸೇರಿದ್ದು ಲಿಪಿಕಾರನ ಕೈಯಲ್ಲೋ, ಓದುವವನ ಕಣ್ಣಿನಲ್ಲೋ ಎಂದು ನಿರ್ಣಯಿಸುವುದು ಗ್ರಂಥಸಂಪಾದಕನ ಮೊದಲ ಕೆಲಸವಷ್ಟೆ. ದೂರದರ್ಶನದ ಕಾರ್ಯಕ್ರಮಗಳನ್ನು ಮನೆಯ ಗಣಕಯಂತ್ರದಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವವರಿಗೂ ಇದೇ ವಿವೇಕ ಬೇಕಾಗುತ್ತದೆ.

ಹಾಗೆ ಇಟ್ಟುಕೊಳ್ಳುವುದು ಬರಿಯ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ೧೯೬೦ ಮತ್ತು ೭೦ರ ದಶಕಗಳಲ್ಲಿ ತನ್ನ ಅನೇಕ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ೧೯೬೩ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವು ಕಂತುಗಳು ಹೀಗೆ ನಷ್ಟವಾದವು. ಚಿತ್ರ ಹೋದರೂ ಆ ಕಂತುಗಳ ಧ್ವನಿ ಉಳಿದುಕೊಂಡಿದೆ. ಅಭಿಮಾನಿಗಳು ತಮ್ಮ ಮನೆಗಳಲ್ಲಿ ಕುಳಿತು ಅದನ್ನು ಟೇಪಿಗಿಳಿಸಿಕೊಂಡಿದ್ದುದೇ ಇದಕ್ಕೆ ಕಾರಣ. ಸಂಸ್ಥೆ ಕಳೆದುಕೊಂಡುದನ್ನು ಗೃಹಸ್ಥರು ಕಾಪಾಡಿದರು.

ನಮ್ಮಲ್ಲಿ ೨೦೦೪ರಲ್ಲಿ ಆರಂಭವಾಗಿ, ಈಗ ಡಿ.ಡಿ. ಫ್ರೀ ಡಿಶ್ ಎಂದು ಹೆಸರಾಗಿರುವ ಉಚಿತ ಉಪಗ್ರಹ ಸೇವೆಯಿದೆ. ಛಾವಣಿಯ ಡಿಶ್ಶಿನಿಂದ ಇಳಿದ ತಂತಿಯನ್ನು ಸಣ್ಣದೊಂದು ಟ್ಯೂನರಿನ ಮೂಲಕ ಗಣಕಯಂತ್ರಕ್ಕೆ ಜೋಡಿಸಿದರೆ, ಬೀಗವಿಲ್ಲದೆ ಬರುವ ವಾಹಿನಿಗಳ ಕಾರ್ಯಕ್ರಮಗಳು ನೇರವಾಗಿ ಡಿಸ್ಕಿಗೆ ಇಳಿಯುತ್ತವೆ. ನನ್ನ ಸ್ನೇಹಿತರೊಬ್ಬರು ಗಮಕಿಗಳಾಗಿದ್ದ ತಮ್ಮ ಅಕ್ಕನವರ ಕಾವ್ಯವಾಚನವನ್ನು ಹೀಗೆ ಇಳಿಸಿಟ್ಟುಕೊಂಡಿದ್ದರು. ಅಕ್ಕ ತೀರಿಕೊಂಡ ಮೇಲೆ, ಹೊಸದಾಗಿ ಕೊಂಡ ಗಣಕಯಂತ್ರದಲ್ಲಿ ಅದನ್ನು ಹಾಕಿ ನೋಡಿದರೆ ಚಿತ್ರ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಿತ್ತು. ಕೆಟ್ಟುಹೋದುದನ್ನು ಇಟ್ಟುಕೊಂಡು ಕೊರಗುವುದಕ್ಕಿಂತ ಅಳಿಸಿಬಿಡುವುದೇ ಮೇಲೆಂದು ಅವರು ನಿಶ್ಚಯಿಸಿದ್ದರು. ಅಳಿಸುವ ಮುನ್ನ ಪರೀಕ್ಷಿಸೋಣವೆಂದು ನಾನು ಕೇಳಿಕೊಂಡೆ.

ಮೊದಲ ಪರೀಕ್ಷೆ ಬಹು ಸರಳವಾದುದು. ಒಂದೇ ಭಾಗವನ್ನು ಎರಡು ಮೂರು ಬಾರಿ ನಡೆಸಿ ನೋಡಬೇಕು. ಪ್ರತಿಸಲವೂ ಅದೇ ಕ್ಷಣದಲ್ಲಿ ಚಿತ್ರ ಚೌಕಚೌಕವಾಗಿ ಒಡೆದು, ಧ್ವನಿಯೂ ತುಂಡಾದರೆ ದೋಷ ಮುದ್ರಿಕೆಯಲ್ಲಿಯೇ ಇದೆ. ಮುಗ್ಗರಿಸುವ ಜಾಗ ಬಾರಿಬಾರಿಗೂ ಬದಲಾದರೆ, ಅಥವಾ ಚಿತ್ರ ಮೊದಲಿಂದ ಕೊನೆಯವರೆಗೆ ಒಂದೇ ಹದದಲ್ಲಿ ಕುಂಟುತ್ತ ಧ್ವನಿ ಮಾತ್ರ ಸರಾಗವಾಗಿದ್ದರೆ, ತೋರಿಸುವ ಯಂತ್ರವನ್ನೇ ಮೊದಲು ಶಂಕಿಸಬೇಕು. ಅದೇ ಕಡತವನ್ನು ಮತ್ತೊಂದು ಗಣಕಯಂತ್ರದಲ್ಲಿ ನಡೆಸಿದರೆ ಸಂಶಯ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಮುದ್ರಿಕೆಯ ದೋಷವನ್ನು ಗ್ರಂಥಪಾತವೆಂದೇ ಕರೆಯಬಹುದು. ಡಿಜಿಟಲ್ ಪ್ರಸಾರ ೧೮೮ ಬೈಟುಗಳ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಓಲೆಗರಿಗಳಿಗೆ ಅಂಕ ಹಾಕುವಂತೆ ಈ ಪೊಟ್ಟಣಗಳ ಮೇಲೂ ೦ಯಿಂದ ೧೫ರವರೆಗಿನ ಅಂಕಗಳು ಸರದಿಯಂತೆ ಆವರ್ತಿಸುತ್ತವೆ. ನಡುವೆ ಅಂಕ ಹಾರಿದರೆ ಗರಿ ಕಳೆದಿದೆಯೆಂದು ಯಂತ್ರ ತಿಳಿಯುತ್ತದೆ. ಎಲ್ಲ ಚಿತ್ರಗಳನ್ನೂ ಪೂರ್ಣವಾಗಿ ಕಳಿಸುವುದು ದುಬಾರಿಯಾದುದರಿಂದ, ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣಚಿತ್ರವನ್ನು ಕೊಟ್ಟು, ನಡುವಣ ಚಿತ್ರಗಳಲ್ಲಿ ಆದ ಬದಲಾವಣೆಗಳನ್ನಷ್ಟೇ ಹೇಳುತ್ತಾರೆ. ಆಧಾರಚಿತ್ರ ಕೆಟ್ಟಿತೆಂದರೆ ಮುಂದಿನ ಪೂರ್ಣಚಿತ್ರ ಬರುವವರೆಗೆ ವಿಕಾರ ಹಬ್ಬುತ್ತಲೇ ಹೋಗುತ್ತದೆ. ಜೋರು ಮಳೆ, ಸರಿದ ಡಿಶ್, ತುಕ್ಕು ಹಿಡಿದ ತಂತಿಯ ತುದಿ ಇವೇ ಸಾಮಾನ್ಯ ಕಾರಣಗಳು. ಡಿಸ್ಕು ನಿಧಾನವೆಂದು ಹೊಸದನ್ನು ಕೊಳ್ಳುವವರುಂಟು. ಸೆಕೆಂಡಿಗೆ ೪ ಮೆಗಾಬಿಟ್ ವೇಗದ ಪ್ರಸಾರ ಗಂಟೆಗೆ ೧.೮ ಗಿಗಾಬೈಟ್ ಮಾತ್ರ. ಸುಸ್ಥಿತಿಯಲ್ಲಿರುವ ಡಿಸ್ಕಿಗೆ ಇದೊಂದು ಭಾರವಲ್ಲ. ಕಾರ್ಯಕ್ರಮ ಇಳಿಯುವಾಗ ಡಿಸ್ಕನ್ನು ನಿದ್ರೆಗೆ ಬಿಡದೆ, ಬೇರೆ ದೊಡ್ಡ ಕೆಲಸಗಳನ್ನು ಹೇರದೆ ಇದ್ದರೆ ಸಾಕು. ಕಳೆದುಹೋದ ಪೊಟ್ಟಣವಂತೂ ಮತ್ತೆ ಬಾರದು.

ಇನ್ನು ಓದುವ ಕಣ್ಣಿನ ದೋಷ. ನಮ್ಮ ದೇಶದ ಸಾಧಾರಣ ಟಿ.ವಿ. ಪ್ರಸಾರದಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಒಂದೊಂದೂ ಎರಡು ಅರ್ಧಚಿತ್ರಗಳಾಗಿ ಬರುತ್ತದೆ: ಬೆಸ ಸಾಲುಗಳದೊಂದು, ಸಮ ಸಾಲುಗಳದೊಂದು. ಹಳೆಯ ಗಾಜಿನ ಪರದೆ ಇವನ್ನು ಒಂದಾದ ಮೇಲೊಂದು ಬರೆಯುತ್ತಿತ್ತು. ಈಗಿನ ಚಪ್ಪಟೆ ಪರದೆಗೆ ಅವುಗಳನ್ನು ಬೆಸೆದು ಕೊಡಬೇಕು. ಬೆಸುಗೆಯೇ ಇಲ್ಲದಿದ್ದರೆ ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ. ಅರ್ಧಗಳ ಕ್ರಮ ತಿರುಗುಮುರುಗಾದರೆ ಚಲನೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂದಂತೆ ನಡುಗುತ್ತದೆ. ವಿ.ಎಲ್.ಸಿ.ಯಂಥ ಉಚಿತ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಎಂಬ ಆಯ್ಕೆಯಿರುವುದು ಈ ಬೆಸುಗೆಗಾಗಿಯೇ.

ಮತ್ತೊಂದು ದೋಷ ಛಂದಸ್ಸು ಬಲ್ಲವರಿಗೆ ಬೇಗ ಹೊಳೆಯುವಂಥದು. ಬಹುಪಾಲು ಗಣಕಯಂತ್ರಗಳ ಪರದೆ ಸೆಕೆಂಡಿಗೆ ೬೦ ಸಲ ಹೊಸದಾಗುತ್ತದೆ. ಚಿತ್ರಗಳು ೨೫. ಒಂದೊಂದು ಚಿತ್ರದ ಪಾಲಿಗೆ ೨.೪ ಸರದಿಗಳು ಬೀಳಬೇಕು. ಸರದಿಯನ್ನು ಮುರಿದು ಹಂಚಲಾಗದು. ಆದುದರಿಂದ ಯಂತ್ರ ಎರಡು, ಎರಡು, ಮೂರು, ಎರಡು, ಮೂರು ಎಂದು ಹಂಚುತ್ತದೆ. ಸಮಗಣಗಳ ಪದ್ಯವನ್ನು ಮಾತ್ರೆ ತಪ್ಪಿಸಿ ಓದಿದಂತೆ ಚಿತ್ರ ಎಡವುತ್ತದೆ. ಪರದೆಯನ್ನು ೫೦ಕ್ಕೆ ಹೊಂದಿಸಿದರೆ ಚಿತ್ರಕ್ಕೆ ಎರಡೆರಡು, ೭೫ಕ್ಕೆ ಹೊಂದಿಸಿದರೆ ಮೂರುಮೂರು. ಲಯ ಕೂಡಿಬರುತ್ತದೆ.

ಸ್ನೇಹಿತರ ಮುದ್ರಿಕೆಯಲ್ಲಿದ್ದುದು ಮುಖ್ಯವಾಗಿ ಈ ಎರಡು ದೋಷಗಳೇ. ಎರಡು ಆಯ್ಕೆಗಳನ್ನು ಬದಲಾಯಿಸಿದೊಡನೆ ಅಕ್ಕನವರ ಕೈ ಪದ್ಯದ ಭಾವಕ್ಕೆ ತಕ್ಕಂತೆ ಸರಾಗವಾಗಿ ಏಳತೊಡಗಿತು. ಎರಡು ಕಡೆ ಮಾತ್ರ ಚಿತ್ರ ನಿಜವಾಗಿ ಒಡೆದಿತ್ತು. ಅಲ್ಲಿ ನಾವು ಏನನ್ನೂ ತುಂಬಹೋಗಲಿಲ್ಲ. ಗ್ರಂಥಪಾತವನ್ನು ಗ್ರಂಥಪಾತವಾಗಿಯೇ ಬಿಡುವುದು ಸಂಪಾದಕಧರ್ಮ.

ಪ್ರಸಾರದಿಂದ ಬಂದ ಮೂಲ ಕಡತವನ್ನು ಬೇರೆ ರೂಪಕ್ಕೆ ಪರಿವರ್ತಿಸದೆ, ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿಡುವುದು ಕ್ಷೇಮ. ಪರಿವರ್ತನೆಯಲ್ಲಿ ಸೇರುವ ದೋಷ ಮೂಲದ ದೋಷದೊಡನೆ ಬೆರೆತರೆ, ಬಿಡಿಸುವುದು ಮತ್ತಷ್ಟು ಕಷ್ಟ. ನಮ್ಮ ಹಳ್ಳಿಗಳ ಅಟ್ಟಗಳಲ್ಲಿದ್ದ ಎಷ್ಟೋ ಓಲೆಕಟ್ಟುಗಳು ಓದಲಾಗದವೆಂಬ ಕಾರಣಕ್ಕೆ ಹೊಳೆಯ ಪಾಲಾದವು. ಅವುಗಳಲ್ಲಿ ಕೆಲವಕ್ಕಾದರೂ ಬೇಕಾಗಿದ್ದುದು ಓದಬಲ್ಲ ಕಣ್ಣು ಮಾತ್ರ.