ರಕ್ಷಕನ ಬಲ

ಪಾಳಿ ಮುಗಿಸಿ ಬಂದ ಬಂಧುಗಳೇ, ನಮ್ಮ ವಾಚನಾಲಯದ ಹುಡುಗರು 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನನ ಚಿತ್ರಕಥೆಗಳನ್ನು ಹಾಳೆ ಹರಿಯುವವರೆಗೆ ಓದುತ್ತಾರೆ. ಓದಲಿ. ಮೇಲಿನಿಂದ ಇಳಿದು ದುಷ್ಟನನ್ನು ಮುರಿಯುವವನು ನಮಗೆ ಹೊಸಬನೇನಲ್ಲ. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿ, ರಾಷ್ಟ್ರಕೂಟ ದಂತಿದುರ್ಗನ ಶಾಸನವಿರುವ 15ನೆಯ ಗುಹೆಯಲ್ಲಿ, ನರಸಿಂಹ ಇಂದಿಗೂ ಹಿರಣ್ಯಕಶಿಪುವನ್ನು ಹಿಡಿದೇ ನಿಂತಿದ್ದಾನೆ.

ನಾಸಿಕದಲ್ಲಿ ಓದಿದ ನಾರಾಯಣ ವಾಮನ ತಿಲಕರು ಮರಾಠಿಯಲ್ಲಿ ‘ಖ್ರಿಸ್ತಾಯನ’ ಕಾವ್ಯ ಆರಂಭಿಸಿ 1919ರಲ್ಲಿ ತೀರಿಕೊಂಡರು. ಪತ್ನಿ ಲಕ್ಷ್ಮೀಬಾಯಿಯವರು ಅದನ್ನು ಮುಂದುವರಿಸಿದರು. ಅವರ ನಾಯಕನ ರೀತಿಯೇ ಬೇರೆ. ಶಿಲುಬೆಯಿಂದ ಇಳಿದು ಬಾ ಎಂದು ಜನ ಅಣಕಿಸಿದರೂ ಕ್ರಿಸ್ತ ಇಳಿಯಲಿಲ್ಲ. ಕೊಲ್ಲುವವರಿಗೇ ಕ್ಷಮೆ ಬೇಡಿದ. ಸೂಪರ್‌ಮ್ಯಾನ್ ಹಾಗೆ ಮಾಡಿದರೆ ನಮ್ಮ ಹುಡುಗರು ಪುಸ್ತಕ ಎಸೆದಾರು!

ಚಿತ್ರಕಥೆಯಲ್ಲಿ ಕೆಡುಕು ಎದುರಾಳಿಯಲ್ಲಿದೆ. ಗುದ್ದಿದರೆ ಮುಗಿಯಿತು, ಮುಂದಿನ ಸಂಚಿಕೆಯವರೆಗೆ. ಕ್ರೈಸ್ತರು ಹೇಳುವ ಪಾಪವೋ ನಮ್ಮೊಳಗೇ ಕೂತಿದೆ. ಅಲ್ಲಿ ಗುದ್ದುವುದು ಯಾರನ್ನು?