ಕಿವಿಗೂ ಕಲಿಕೆ ಇದೆ

ಲಕ್ವ ಹೊಡೆದವರೋ ಪಾರ್ಕಿನ್ಸನ್ ಕಾಯಿಲೆ ಇರುವವರೋ ಮಾತಾಡುವಾಗ ನಮ್ಮ ಗಮನವೆಲ್ಲ ಅವರ ನಾಲಿಗೆಯ ಮೇಲಿರುತ್ತದೆ. ನಾನು ಇವತ್ತು ನಮ್ಮ ಕಿವಿಯ ಬಗ್ಗೆ ಮಾತಾಡಲು ಬಂದಿದ್ದೇನೆ.

ತುಟಿ, ನಾಲಿಗೆ, ಗಂಟಲು, ಉಸಿರಾಟದ ಸ್ನಾಯುಗಳ ಮೇಲೆ ನರಮಂಡಲದ ಹಿಡಿತ ತಪ್ಪಿದಾಗ ಬರುವ ಮಾತಿನ ತೊಂದರೆಗೆ ಡಿಸಾರ್ಥ್ರಿಯಾ ಎನ್ನುತ್ತಾರೆ. ಎಷ್ಟೋ ಜನರಲ್ಲಿ ಬುದ್ಧಿಗೂ ಭಾಷೆಗೂ ಏನೂ ಆಗಿರುವುದಿಲ್ಲ. ಹೇಳಬೇಕಾದ ವಾಕ್ಯ ಒಳಗೆ ಪೂರ್ತಿ ಸಿದ್ಧವಾಗಿರುತ್ತದೆ. 1969ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾರ್ಲಿ, ಆರನ್ಸನ್ ಮತ್ತು ಬ್ರೌನ್ 212 ರೋಗಿಗಳ ಮಾತನ್ನು ಕೂತು ಕೇಳಿದರು. ಹದಗೆಟ್ಟ ಮಾತಿಗೂ ಒಂದು ಕ್ರಮವಿದೆ ಎಂದು ಅವರು ತೋರಿಸಿಕೊಟ್ಟರು. ಪಾರ್ಕಿನ್ಸನ್‌ನಲ್ಲಿ ದನಿ ಕುಗ್ಗುತ್ತದೆ, ಏರಿಳಿತ ಹೋಗುತ್ತದೆ, ಒಮ್ಮೊಮ್ಮೆ ಪದಗಳು ಮುಗ್ಗರಿಸಿದಂತೆ ಓಡುತ್ತವೆ. ಕಿರುಮಿದುಳಿಗೆ ಪೆಟ್ಟಾದರೆ ಅಕ್ಷರಗಳು ಬಿಡಿಬಿಡಿಯಾಗಿ, ಎಲ್ಲವೂ ಒಂದೇ ತೂಕದಲ್ಲಿ ಬೀಳುತ್ತವೆ. ಬಳೆಗೂ ಬಾಳೆಗೂ ಒಂದು ದೀರ್ಘದಷ್ಟೇ ಅಂತರವಿರುವ ನಮ್ಮ ಭಾಷೆಯಲ್ಲಿ ಕೇಳುವವರು ತಬ್ಬಿಬ್ಬಾಗುವುದು ಸಹಜ.

ಆದರೆ ಕ್ರಮ ಇದ್ದಲ್ಲಿ ಕಲಿಕೆಗೂ ದಾರಿ ಇರುತ್ತದೆ. 2003ರಲ್ಲಿ ನಾರಿಸ್, ಮೆಕ್ವೀನ್, ಕಟ್ಲರ್ ಎಂಬ ಸಂಶೋಧಕರು ‘ಫ್’ ಮತ್ತು ‘ಸ್’ ನಡುವಿನ ಒಂದು ಅಸ್ಪಷ್ಟ ದನಿಯನ್ನು ಪದಗಳ ಕೊನೆಯಲ್ಲಿಟ್ಟು ಡಚ್ ಭಾಷಿಕರಿಗೆ ಕೇಳಿಸಿದರು. ‘ಫ್’ ಎಂದುಕೊಂಡರೆ ಮಾತ್ರ ಅರ್ಥ ಕೂಡುವ ಪದಗಳಲ್ಲಿ ಅದನ್ನು ಕೇಳಿದವರಿಗೆ ಆಮೇಲೆ ಅದೇ ದನಿ ‘ಫ್’ ಎಂದು ಕೇಳತೊಡಗಿತು. ಅರ್ಥದ ಆಸರೆ ಸಿಕ್ಕರೆ ಕಿವಿ ತನ್ನ ಎಲ್ಲೆಯನ್ನೇ ಸರಿಸಿಕೊಳ್ಳುತ್ತದೆ!

ಈ ಆಸರೆಯೇ ಮುಖ್ಯ. 2012ರಲ್ಲಿ ಸಂಶೋಧಕಿ ಸ್ಟೆಫನಿ ಬೋರಿ ಮತ್ತು ಸಂಗಡಿಗರು ಪಾರ್ಕಿನ್ಸನ್ ಇರುವವರ ಓದನ್ನು ಕೆಲವರಿಗೆ ಬರೀ ಕೇಳಿಸಿದರು, ಇನ್ನು ಕೆಲವರಿಗೆ ಅದೇ ಪಠ್ಯವನ್ನು ಕಣ್ಣೆದುರಿಟ್ಟು ಕೇಳಿಸಿದರು. ಎರಡೂ ಗುಂಪಿನವರಿಗೆ ಲಾಭವಾಯಿತು, ಪಠ್ಯ ನೋಡುತ್ತ ಕೇಳಿದವರಿಗೆ ಹೆಚ್ಚು. ವಾರದ ನಂತರವೂ ಉಳಿದದ್ದು ಅವರ ಕಲಿಕೆಯೇ.

ಮನೆಯವರಿಗೆ ಈ ಪಾಠ ತಾನಾಗಿಯೇ ಆಗುತ್ತದೆ. ದಿನವೂ ಕೇಳುವ ಹೆಂಡತಿಗೆ ಮಾತು ತಿಳಿಯುತ್ತದೆ, ಡಾಕ್ಟರಿಗೆ ತಿಳಿಯುವುದಿಲ್ಲ. ಆಗ ಡಾಕ್ಟರು ಎದುರಿಗಿರುವವರನ್ನು ಬಿಟ್ಟು, “ಏನಮ್ಮಾ, ಏನಂತಾರೆ ಇವರು?” ಎಂದು ಆಕೆಯನ್ನು ಕೇಳುತ್ತಾರೆ. ತನ್ನ ನೋವನ್ನು ತಾನೇ ಹೇಳುವ ಹಕ್ಕು ಹೀಗೆ ಕೈತಪ್ಪುತ್ತದೆ. ಅರ್ಥವಾಗದೆಯೇ “ಹೂಂ, ಹೂಂ” ಎನ್ನುವ ನಮ್ಮ ಸೌಜನ್ಯ ಇನ್ನೂ ಕೆಟ್ಟದ್ದು. ಅಲ್ಲಿಗೆ ಮಾತೇ ಮುಗಿದುಹೋಗುತ್ತದೆ. “ಇಷ್ಟು ತಿಳೀತು, ಕೊನೇ ಪದ ಇನ್ನೊಂದು ಸಲ ಹೇಳಿ” ಎನ್ನಿ. ಯಾವ ವಿಷಯವೆಂದು ಮೊದಲೇ ಕೇಳಿಕೊಳ್ಳಿ. ತೊಂದರೆ ಇರುವವರು ಪ್ರತಿ ಪದದ ಮೊದಲ ಅಕ್ಷರವನ್ನು ವರ್ಣಮಾಲೆಯ ಹಲಗೆಯಲ್ಲಿ ಬೆರಳಿಟ್ಟು ತೋರಿಸುತ್ತ ಮಾತಾಡುವ ವಿಧಾನವನ್ನು ಬ್ಯೂಕಲ್‌ಮನ್, ಯಾರ್ಕ್ಸ್‌ಟನ್ ಎಂಬ ಸಂಶೋಧಕರು 1977ರಲ್ಲೇ ವರದಿ ಮಾಡಿದ್ದರು. ಅದಕ್ಕೆ ಒಂದು ರಟ್ಟು ಸಾಕು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಾತಾಡುವವರಿಗೆ ಚಿಕಿತ್ಸೆ ಸಿಗುತ್ತದೆ. ಕೇಳುವವರ ಪಾಲಿನ ಕೆಲಸವನ್ನು ಮನೆಯಲ್ಲೇ ಶುರುಮಾಡಬಹುದು. ಮಾತಿನ ತೊಂದರೆ ಇರುವವರು ಒಪ್ಪಿದರೆ, ಅವರು ಇಷ್ಟಪಟ್ಟ ಒಂದು ಪುಟವನ್ನು ಅವರಿಂದಲೇ ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಆ ಪುಟದ ಫೋಟೊವನ್ನೂ ಜೊತೆಗಿಟ್ಟು ಮಕ್ಕಳಿಗೆ, ಅಕ್ಕಪಕ್ಕದವರಿಗೆ, ದಿನಾ ಹೋಗುವ ಅಂಗಡಿಯವರಿಗೆ ಕಳಿಸಿ, ನೋಡುತ್ತ ಕೇಳಲಿ.