ವಿದ್ಯಾರ್ಥಿ ಜೀವನದಲ್ಲಿ ಸೇವೆ ಮತ್ತು ನಾಯಕತ್ವ

(ಶ್ರೀಮಠದ ಮುಂಬಯಿ ಶಾಖೆಯಲ್ಲಿ ಜರುಗಿದ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದು ಇಲ್ಲಿ ಅಂಕಗಳಿಗೆ ಗೌರವ ಸಲ್ಲುತ್ತಿದೆ. ಸಲ್ಲಬೇಕಾದದ್ದೇ. ಆದರೆ ಅಂಕಪಟ್ಟಿಯಲ್ಲಿ ಕಾಣಿಸದ ಒಂದು ವಿದ್ಯೆಯ ಬಗ್ಗೆ ನಾಲ್ಕು ಮಾತುಗಳನ್ನು ಹೇಳಲು ನನಗೆ ಅಪ್ಪಣೆಯಾಗಿದೆ. ಪ್ರೌಢಶಾಲೆಯಲ್ಲಿ ಅಧ್ಯಾಪಕಿಯಾಗಿ, ಅಲ್ಲಿಯ ವಿದ್ಯಾರ್ಥಿ ಸೇವಾಸಂಘದ ಮಾರ್ಗದರ್ಶಕಿಯಾಗಿ ಅನೇಕ ವರ್ಷ ದುಡಿದವಳು ನಾನು. ಆದ್ದರಿಂದ ಕಂಡದ್ದನ್ನೇ ಹೇಳುತ್ತೇನೆ.

ಸೇವಾಸಂಘಕ್ಕೆ ಮಕ್ಕಳ ಹೆಸರು ಬರೆದುಕೊಳ್ಳುವ ಜೂನ್ ತಿಂಗಳಲ್ಲಿ ಪಾಲಕರು ಎರಡು ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. “ಬರುವ ವರ್ಷ ಹತ್ತನೆಯ ತರಗತಿ, ಈಗ ಇದೆಲ್ಲ ಯಾಕೆ ಟೀಚರ್?” ಎನ್ನುವವರು ಕೆಲವರು. “ಇದರ ಪ್ರಮಾಣಪತ್ರ ಮುಂದೆ ವಿದೇಶದ ಕಾಲೇಜಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆಯೇ?” ಎನ್ನುವವರು ಇನ್ನು ಕೆಲವರು. ಒಬ್ಬರು ಬೇಡವೆನ್ನುತ್ತಾರೆ, ಇನ್ನೊಬ್ಬರು ಬೇಕೆನ್ನುತ್ತಾರೆ. ಆದರೆ ಇಬ್ಬರೂ ನೋಡುತ್ತಿರುವುದು ತಮ್ಮ ಮಗುವಿಗೆ ಏನು ಲಾಭವೆಂಬುದನ್ನು ಮಾತ್ರ. ಆ ಸೇವೆಗಾಗಿ ಕಾದು ಕುಳಿತಿರುವ ವ್ಯಕ್ತಿಯೊಬ್ಬನಿದ್ದಾನೆ ಎಂಬ ವಿಚಾರ ಎರಡು ಪ್ರಶ್ನೆಗಳಲ್ಲಿಯೂ ಇಲ್ಲ. ಆ ವ್ಯಕ್ತಿಯನ್ನು ತಮ್ಮ ಮುಂದೆ ತಂದು ನಿಲ್ಲಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ಈ ಸಂಘಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿಯೋಣ. ಪ್ರೌಢಶಾಲೆಯ ಮಕ್ಕಳೇ ನಡೆಸುವ ಸೇವಾಸಂಘವೆಂಬ ಕಲ್ಪನೆಗೆ ನೂರು ವರ್ಷ ತುಂಬಿದೆ. 1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾಕ್ರಮೆಂಟೊ ಪ್ರೌಢಶಾಲೆಯಲ್ಲಿ, ಕಿವಾನಿಸ್ ಸಂಸ್ಥೆಯ ಆಶ್ರಯದಲ್ಲಿ ‘ಕೀ ಕ್ಲಬ್’ ಪ್ರಾರಂಭವಾಯಿತು. 1957ರಲ್ಲಿ ಪೆನ್ಸಿಲ್ವೇನಿಯಾದ ಅಬಿಂಗ್ಟನ್ ಪ್ರೌಢಶಾಲೆಯಲ್ಲಿ ಬೇಸ್‌ಬಾಲ್ ತರಬೇತುದಾರರೊಬ್ಬರ ಪ್ರಯತ್ನದಿಂದ ಮೊದಲನೆಯ ‘ಲಿಯೋ ಕ್ಲಬ್’ ಹುಟ್ಟಿತು. ಹತ್ತು ವರ್ಷಗಳ ಅನಂತರ, 1967ರಲ್ಲಿ, ಲಯನ್ಸ್ ಸಂಸ್ಥೆ ಅದನ್ನು ತನ್ನ ಅಧಿಕೃತ ಕಾರ್ಯಕ್ರಮವಾಗಿ ಸ್ವೀಕರಿಸಿತು. ನಮ್ಮ ಶಾಲೆಗಳಲ್ಲಿ ಹೆಚ್ಚು ಪರಿಚಿತವಾದ ‘ಇಂಟರ್ಯಾಕ್ಟ್ ಕ್ಲಬ್’ ರೋಟರಿ ಸಂಸ್ಥೆಯದು. ಅದರ ಮೊದಲ ಸಂಘ 1962ರ ನವೆಂಬರ್ 5ರಂದು ಫ್ಲಾರಿಡಾದ ಮೆಲ್ಬರ್ನ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಕೇವಲ 23 ವಿದ್ಯಾರ್ಥಿಗಳಿಂದ ಆರಂಭವಾಯಿತು.

ನಮ್ಮ ದೇಶದಲ್ಲಿ ಸರ್ಕಾರವೇ ಕೈಗೊಂಡ ಪ್ರಯತ್ನವೆಂದರೆ ರಾಷ್ಟ್ರೀಯ ಸೇವಾ ಯೋಜನೆ. ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಅದನ್ನು ಪ್ರಾರಂಭಿಸಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞರು ಅವರು. 1985ರಿಂದ ಈ ಯೋಜನೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೂ ವಿಸ್ತರಿಸಿತು. ಅದಕ್ಕಿಂತ ಕೆಳಗಿನ ತರಗತಿಗಳ ಮಕ್ಕಳಿಗೆ ಸ್ಕೌಟ್ಸ್ ಮತ್ತು ಗೈಡ್ಸ್, ಕಿರಿಯರ ರೆಡ್‌ಕ್ರಾಸ್, ಇಂಟರ್ಯಾಕ್ಟ್‌ನಂತಹ ಸಂಘಗಳೇ ಮೊದಲ ಮೆಟ್ಟಿಲು.

ಇಂಟರ್ಯಾಕ್ಟ್‌ನ ರಚನೆಯನ್ನು ಗಮನಿಸಿರಿ. ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನವರು ಸದಸ್ಯರು. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ. ರೋಟರಿಯವರು ಆಶ್ರಯದಾತರು, ಅಧ್ಯಾಪಕರು ಮಾರ್ಗದರ್ಶಕರು. ಆದರೆ ಸಭೆ ಕರೆಯುವುದು, ನಡಾವಳಿ ಬರೆಯುವುದು, ಲೆಕ್ಕ ಒಪ್ಪಿಸುವುದು ಮಕ್ಕಳ ಹೊಣೆ. ವರ್ಷಕ್ಕೆ ಕಡಿಮೆಯೆಂದರೆ ಎರಡು ಕಾರ್ಯಗಳು ನಡೆಯಬೇಕು. ಒಂದು ತಮ್ಮ ಶಾಲೆಗೋ ಊರಿಗೋ ಉಪಯೋಗವಾಗುವಂಥದು, ಇನ್ನೊಂದು ಬೇರೆ ದೇಶದ ಜನರನ್ನು ಅರಿಯುವಂಥದು. ಹದಿಮೂರು ವರ್ಷದ ಮಗುವಿಗೆ ಇಷ್ಟು ಹೊಣೆ ಹೊರಲು ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯ. ಹೊರಲು ನಾವು ಬಿಡಬೇಕು, ಅಷ್ಟೆ.

ನಾನು ಹತ್ತಿರದಿಂದ ಕಂಡ ಒಂದು ಸೇವೆಯನ್ನು ವಿವರಿಸುತ್ತೇನೆ. ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗ ಅವರು ಹೇಳಿದ ಉತ್ತರವನ್ನು ಬರೆಯಲು ಒಬ್ಬ ಲಿಪಿಕಾರ ಬೇಕು. ಇಲ್ಲಿ ಮರಾಠಿಯಲ್ಲಿ ಅವರನ್ನು ಲೇಖನಿಕ್ ಎನ್ನುತ್ತಾರೆ. ಲಿಪಿಕಾರನ ಓದು ಅಭ್ಯರ್ಥಿಯ ಓದಿಗಿಂತ ಕೆಳಗಿನ ಮಟ್ಟದ್ದಾಗಿರಬೇಕೆಂಬುದು ನಿಯಮ. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿತು. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಅಷ್ಟು ಹೊತ್ತು ಕುಳಿತು ಇನ್ನೊಬ್ಬರಿಗಾಗಿ ಬರೆಯಲು ಒಪ್ಪುವ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಸಿಗುವುದು ಸುಲಭವಲ್ಲ. ಏಕೆಂದರೆ ಅವರ ಸ್ವಂತ ಪರೀಕ್ಷೆಗಳೂ ಅದೇ ಸಮಯಕ್ಕೆ ಹತ್ತಿರವಾಗಿರುತ್ತವೆ.

ನಮ್ಮ ಸಂಘದ ಮಕ್ಕಳು ಈ ಕಾರ್ಯವನ್ನು ಕೈಗೆತ್ತಿಕೊಂಡ ವರ್ಷ ಕಾರ್ಯದರ್ಶಿಯಾಗಿದ್ದವನು ಮಾತು ಕಡಿಮೆಯಾದ ಹುಡುಗ. ವೇದಿಕೆಯೇರಿದರೆ ಧ್ವನಿ ನಡುಗುತ್ತಿತ್ತು. ಆದರೆ ಅವನ ಬಳಿ ಒಂದು ನೋಟ್‌ಬುಕ್ ಇತ್ತು. ಯಾವ ದಿನ, ಯಾವ ವಿಷಯ, ಯಾವ ಕೇಂದ್ರ, ಯಾರು ಬರೆಯುವವರು, ಅವರ ಮನೆಯಿಂದ ಕೇಂದ್ರಕ್ಕೆ ಯಾವ ಬಸ್ಸು, ಯಾವ ಲೋಕಲ್, ಎಲ್ಲವೂ ಅದರಲ್ಲಿತ್ತು. ಪ್ರತಿಯೊಂದು ಹೆಸರಿನ ಎದುರಿಗೆ ಇನ್ನೊಂದು ಹೆಸರನ್ನೂ ಬರೆದಿದ್ದ. “ಇವರಿಗೂ ಈಗಲೇ ಅನುಮತಿ ಪಡೆದಿಡೋಣ ಟೀಚರ್, ಆ ದಿನ ಬೆಳಿಗ್ಗೆ ಯಾರಿಗಾದರೂ ಜ್ವರ ಬಂದರೆ?” ಎಂದು ಕೇಳಿದ. ಪಡೆದಿಟ್ಟೆವು. ವಿಜ್ಞಾನದ ಪರೀಕ್ಷೆಯ ದಿನ ಬೆಳಿಗ್ಗೆ ಒಬ್ಬ ಹುಡುಗನಿಗೆ ನಿಜವಾಗಿಯೂ ಜ್ವರ ಬಂದಿತು. ಎದುರಿಗಿದ್ದ ಹೆಸರಿನವಳು ಹೋಗಿ ಬರೆದು ಬಂದಳು. ಆ ಅಭ್ಯರ್ಥಿಗೆ ಬೆಳಗಿನ ಈ ಗೊಂದಲ ತಿಳಿಯಲೇ ಇಲ್ಲ. ತಿಳಿಯದಂತೆ ನೋಡಿಕೊಂಡದ್ದೇ ಆ ಹುಡುಗನ ನಾಯಕತ್ವ. ಲಿಪಿಕಾರ ಬಾರದಿದ್ದರೆ ಕಳೆಯುತ್ತಿದ್ದದ್ದು ಸಂಘದ ಹೆಸರಲ್ಲ, ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷ.

ಅದೇ ಸಾಲಿನಲ್ಲಿ ಬರೆಯಲು ಹೋಗಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಂತಿರುಗಿ ಬಂದು ನನ್ನೊಡನೆ ಹೇಳಿದ ಮಾತನ್ನೂ ಹೇಳಬೇಕು. ಅಭ್ಯರ್ಥಿಯು ಒಂದು ಪ್ರಶ್ನೆಗೆ ತಪ್ಪು ಉತ್ತರ ಹೇಳಿದಳಂತೆ. ಸರಿಯಾದ ಉತ್ತರ ಇವಳಿಗೆ ಗೊತ್ತಿತ್ತು. “ಏನು ಮಾಡಿದೆ ಮಗಳೇ?” ಎಂದು ಕೇಳಿದೆ. “ಅಕ್ಕ ಹೇಳಿದ್ದನ್ನೇ ಬರೆದೆ ಟೀಚರ್. ಪರೀಕ್ಷೆ ಅವರದಲ್ಲವೇ?” ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಸೇವೆಯಲ್ಲಿ ಇದಕ್ಕಿಂತ ಕಠಿಣವಾದ ಪಾಠವನ್ನು ನಾನು ಕಂಡಿಲ್ಲ. ಸಹಾಯ ಮಾಡುವವನು ತಾನು ಮೇಲೆ, ಪಡೆಯುವವನು ಕೆಳಗೆ ಎಂದು ತಿಳಿದರೆ ಎದುರಿಗಿರುವವನ ಬದಲಿಗೆ ತಾನೇ ಬದುಕಲು ತೊಡಗುತ್ತಾನೆ. ಆ ಹುಡುಗಿ ತನ್ನ ಕೈಯನ್ನು ಕೊಟ್ಟಳು, ತನ್ನ ಬುದ್ಧಿಯನ್ನು ಹೇರಲಿಲ್ಲ. ಎದುರಿಗಿದ್ದವಳ ಪ್ರಾಮಾಣಿಕತೆಗೂ ತನ್ನ ಪ್ರಾಮಾಣಿಕತೆಗೂ ಏಕಕಾಲದಲ್ಲಿ ಗೌರವ ಸಲ್ಲಿಸಿದಳು.

ಸಣ್ಣ ಮಕ್ಕಳ ಸಣ್ಣ ಕೆಲಸಗಳಿಂದ ಏನಾದೀತು ಎನ್ನುವವರಿಗೆ ಒಂದು ಉದಾಹರಣೆ. 1985ರಲ್ಲಿ ರೋಟರಿ ಸಂಸ್ಥೆ ಪೋಲಿಯೋ ನಿರ್ಮೂಲನದ ಸಂಕಲ್ಪ ಮಾಡಿತು. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಅಭಿಯಾನ ಆರಂಭವಾಯಿತು. ಲಸಿಕೆಯನ್ನು ತಯಾರಿಸಿದವರು ವಿಜ್ಞಾನಿಗಳು, ಹಂಚಿದವರು ಸರ್ಕಾರದವರು. ಆದರೆ ಭಾನುವಾರ ಬೆಳಿಗ್ಗೆ ಚಾಳುಗಳ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, “ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದೆಯೇ?” ಎಂದು ಕೇಳಿ ಬೂತಿಗೆ ಕರೆತಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಹನಿ ಹಾಕಿಸಿಕೊಂಡ ಮಗುವಿನ ಎಡಗೈಯ ಕಿರುಬೆರಳಿಗೆ ಮಸಿ ಹಚ್ಚುವುದೂ ಒಂದು ಕೆಲಸವೇ. ಆ ಗುರುತು ಇಲ್ಲದ ಮಗುವನ್ನು ಹುಡುಕಿಕೊಂಡು ಮರುದಿನ ಕಾರ್ಯಕರ್ತರು ಮನೆಮನೆಗೆ ಹೋಗುತ್ತಿದ್ದರು. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಆ ಕೀರ್ತಿಯಲ್ಲಿ ಮಸಿ ಹಚ್ಚಿದ ಬೆರಳುಗಳಿಗೂ ಪಾಲಿದೆ.

ಇನ್ನು ಸಂಘಗಳು ಎಲ್ಲಿ ಸೊರಗುತ್ತವೆ ಎಂಬುದನ್ನೂ ಹೇಳದಿದ್ದರೆ ಮಾತು ಅಪೂರ್ಣವಾದೀತು. ಮೊದಲನೆಯದು, ಕೇಳದೆ ಕೊಡುವುದು. ಅನಾಥಾಶ್ರಮಕ್ಕೆ ಹೋಗಿ ಬಿಸ್ಕತ್ತು ಹಂಚಿ, ಫೋಟೋ ತೆಗೆಸಿಕೊಂಡು ಬರುವುದನ್ನು ಅನೇಕರು ಸೇವೆಯೆಂದು ತಿಳಿಯುತ್ತಾರೆ. ಅಲ್ಲಿಯ ಮಕ್ಕಳಿಗೆ ಬೇಕಾದದ್ದು ವಾರಕ್ಕೊಮ್ಮೆ ಬಂದು ಗಣಿತ ಹೇಳಿಕೊಡುವ ಸಮವಯಸ್ಕನೇ ಆಗಿರಬಹುದು. ಹೋಗುವ ಮೊದಲು ವಿಚಾರಿಸಬೇಕು. ಸಹಾಯ ಪಡೆಯುವವರ ಮುಖವನ್ನು ಫೋಟೋದಲ್ಲಿ ಪ್ರದರ್ಶನಕ್ಕಿಡಬಾರದು. ಎರಡನೆಯದು, ಹಣದ ಲೆಕ್ಕ. ಮನೆಮನೆಯ ರದ್ದಿ ಕೂಡಿಸಿ ಮಾರಿದಾಗ ಬಂದದ್ದು ಐನೂರು ರೂಪಾಯಿಯಾದರೂ ಅದರ ಜಮಾಖರ್ಚು ಸಭೆಯ ಮುಂದೆ ಓದಲ್ಪಡಬೇಕು. ಐನೂರರ ಲೆಕ್ಕ ಕೊಡಲು ಕಲಿತವನು ಮುಂದೆ ಐದು ಕೋಟಿಯ ಲೆಕ್ಕಕ್ಕೂ ಅಂಜುವುದಿಲ್ಲ. ಮೂರನೆಯದು, ಪದವಿಯ ಹಂಚಿಕೆ. ತರಗತಿಯಲ್ಲಿ ಮೊದಲ ಸ್ಥಾನದಲ್ಲಿರುವವನಿಗೇ ಅಧ್ಯಕ್ಷ ಪದವಿಯನ್ನೂ ಕೊಡುವ ರೂಢಿ ಅನೇಕ ಕಡೆ ಇದೆ. ಸೇವೆಗೆ ಬೇಕಾದ ಗುಣ ಬೇರೆ. ಕೊಟ್ಟ ಸಮಯಕ್ಕೆ ಬರುವವನು, ಕೆಲಸ ಮುಗಿದ ಮೇಲೆ ಕುರ್ಚಿಗಳನ್ನು ಜೋಡಿಸಿ ಹೋಗುವವನು, ಹೊಸಬನಿಗೆ ತಾಳ್ಮೆಯಿಂದ ಹೇಳಿಕೊಡುವವನು ಹಿಂದಿನ ಬೆಂಚಿನಲ್ಲಿಯೂ ಇರುತ್ತಾನೆ. ನಾಲ್ಕನೆಯದು, ಹಿರಿಯರಾದ ನಾವೇ ಎಲ್ಲವನ್ನೂ ಮಾಡಿಕೊಡುವುದು. ಮಕ್ಕಳ ಸುರಕ್ಷತೆ ನಮ್ಮ ಹೊಣೆ. ಪಾಲಕರ ಒಪ್ಪಿಗೆ, ಜೊತೆಗೆ ಒಬ್ಬ ಹಿರಿಯರು, ಹಿಂದಿರುಗುವ ಸಮಯ, ಇವುಗಳಲ್ಲಿ ಸಡಿಲಿಕೆ ಕೂಡದು. ಆದರೆ ಪತ್ರ ಬರೆಯುವುದು, ಫೋನು ಮಾಡುವುದು, ಯೋಜನೆ ಹಾಕುವುದು ಅವರದಾಗಿರಲಿ.

ಪಾಲಕರೇ, ಓದು ಕೆಡುತ್ತದೆಯೇ ಎಂಬ ತಮ್ಮ ಆತಂಕ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರ ಮಿತಿ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ದೊಡ್ಡ ವಿದ್ಯಾರ್ಥಿಗಳಿಗೆ ನಿಗದಿಯಾದದ್ದೇ ವರ್ಷಕ್ಕೆ 120 ಗಂಟೆ. ವಾರಕ್ಕೆ ಲೆಕ್ಕ ಹಾಕಿದರೆ ಎರಡೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರೌಢಶಾಲೆಯವರಿಗೆ ಅದರ ಅರ್ಧ ಸಾಕು. ಒಂದೇ ಕಾರ್ಯ, ಆದರೆ ವರ್ಷವಿಡೀ ತಪ್ಪದೆ ನಡೆಯಲಿ. ಮಗ ಸಂಘದ ಕೆಲಸಕ್ಕೆ ಒಪ್ಪಿಕೊಂಡ ದಿನ ಮನೆಯಲ್ಲಿ ಏನೋ ಸಮಾರಂಭವಿದೆಯೆಂದು ಅವನನ್ನು ತಡೆಯಬೇಡಿರಿ. ಕೊಟ್ಟ ಮಾತನ್ನು ಅನುಕೂಲವಿದ್ದಾಗ ಮಾತ್ರ ನಡೆಸಬಹುದೆಂಬ ಪಾಠವನ್ನು ಅವನು ಮನೆಯಲ್ಲಿಯೇ ಕಲಿತುಬಿಡುತ್ತಾನೆ.

ಈ ಸಭೆಗೆ ಸೇವೆಯೆಂಬ ಪದ ಹೊಸದಲ್ಲ. ಜನರಿಗೆ ಮಾಡುವ ಶುಶ್ರೂಷೆಯು ಅರಸನಿಗೆ ಸಲ್ಲಿಸುವ ಕರದಂತೆ ಎಂಬ ಅಭಿಪ್ರಾಯವನ್ನು ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ತಿಳಿಸಿದ್ದಾರೆ. ಕರ ಕಟ್ಟಿದವನು ಅರಸನಿಗೆ ತಾನು ಉಪಕಾರ ಮಾಡಿದೆನೆಂದು ಹೇಳಿಕೊಳ್ಳುವುದಿಲ್ಲ. ಆರಾಧನೆಯ ದಿನ ಪಂಕ್ತಿಯಲ್ಲಿ ಎಲೆ ಹಾಕುವ, ನೀರು ಬಡಿಸುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಕೊನೆಯ ಪಂಕ್ತಿ ಏಳುವವರೆಗೆ ಅವರಿಗೆ ಊಟದ ನೆನಪಿರುವುದಿಲ್ಲ. ಅದೇ ಶಿಸ್ತು ಮಠದ ಬಾಗಿಲಾಚೆಗೂ, ಹೆಸರು ಗೊತ್ತಿಲ್ಲದವರ ಬಳಿಗೂ ಹೋಗಲಿ ಎಂಬುದಷ್ಟೇ ನನ್ನ ಕೋರಿಕೆ.

ವಿದ್ಯಾರ್ಥಿಗಳೇ, ಇಂದು ನಿಮ್ಮ ಕೈಗೆ ಒಂದು ಪ್ರಮಾಣಪತ್ರ ಬರುತ್ತದೆ. ಸಂತೋಷದಿಂದ ಸ್ವೀಕರಿಸಿರಿ. ನಾಳೆ ನಿಮ್ಮ ಶಾಲೆಯ ಸೇವಾಸಂಘದ ಅಧ್ಯಾಪಕರ ಬಳಿಗೆ ಹೋಗಿ, ಯಾವ ಪದವಿ ಸಿಗುತ್ತದೆಯೆಂದು ಕೇಳದೆ, ಯಾವ ಕೆಲಸಕ್ಕೆ ಜನ ಸಾಲದಾಗಿದೆಯೆಂದು ಕೇಳಿರಿ. ಸಂಘವೇ ಇಲ್ಲದಿದ್ದರೆ ನಾಲ್ವರು ಸೇರಿ, ಒಂದು ನೋಟ್‌ಬುಕ್ ತೆಗೆದುಕೊಂಡು ಕೆಲಸ ಪ್ರಾರಂಭಿಸಿರಿ. ಬರುತ್ತೇನೆಂದು ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಿರಿ. ಅಲ್ಲಿ ನಿಮಗಾಗಿ ಕಾದಿರುವವರು ಇದ್ದಾರೆ.



ಶ್ರೀಕೃಷ್ಣಾರ್ಪಣಮಸ್ತು.